ಉಮಾಬಾಯಿ ನಮ್ಮ ಮಂಗಳೂರಿನವರು
ಕಾಂಗ್ರೆಸ್ಸಿನ ಸ್ವಯಂಸೇವಕರ ಸಂಘಟನೆಯಾಗಿದ್ದ ಸೇವಾದಳದ ಇತಿಹಾಸದ ಬಗ್ಗೆ ನೀವು ಬರೆದ ಲೇಖನ ಓದಿ ತುಂಬಾ ಖುಷಿಯಾಯಿತು. 1923ರಲ್ಲಿ ಡಾ. ನಾ.ಸು. ಹರ್ಡೀಕರ್ ಶುರು ಮಾಡಿದ್ದು, ಹುಬ್ಬಳ್ಳಿ ಅದರ ಕೇಂದ್ರವಾದದ್ದು ಎಲ್ಲ ಬಂದಿದೆ. ಆದರೆ ಉಮಾಬಾಯಿ ಕುಂದಾಪುರ ಅವರಿಗೆ ಒಂದೇ ಸಾಲು ಸಾಕಾ? ಅವರು ಹುಟ್ಟಿದ್ದು ಮಂಗಳೂರಿನಲ್ಲಿ, 1892ರಲ್ಲಿ. ದಳದ ಮಹಿಳಾ ವಿಭಾಗ ನಡೆಸಿದವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಊರೂರು ತಿರುಗಿ ನೂರೈವತ್ತಕ್ಕೂ ಜಾಸ್ತಿ ಹೆಂಗಸರನ್ನು ಸ್ವಯಂಸೇವೆಗೆ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ನಾನೂ ಉಡುಪಿ ಹತ್ತಿರದ ಕನ್ನಡ ಶಾಲೆಯಲ್ಲಿ, ಮಕ್ಕಳಿಗಾಗಿ ಇರುವ ಭಾರತ ಸೇವಾದಳದ ಬಿಳಿ ಟೋಪಿ ಹಾಕಿದವಳು. ಆಗಸ್ಟ್ 14ರ ಸಂಜೆ, ಹೊರಗೆ ಜೋರು ಮಳೆ. ಜಗಲಿಯಲ್ಲಿ ಟೀಚರ್ ಬಾವುಟ ಮಡಚಲು ಕಲಿಸುತ್ತಿದ್ದರು. ಕೇಸರಿ, ಹಸಿರು ಎರಡೂ ಬಿಳಿಯ ಅಡಿಗೆ ಹೋಗಬೇಕು, ಚಕ್ರ ಮೇಲೆ ಕಾಣಬೇಕು. ಒಳಗೆ ದಾಸವಾಳದ ಎಸಳು. ಗಂಟು ಬಿಗಿಯಾದರೆ ಹಗ್ಗ ಎಳೆದಾಗ ಬಿಚ್ಚುವುದಿಲ್ಲ. ನನ್ನದು ಎರಡು ಸಲ ಬಿಚ್ಚಲೇ ಇಲ್ಲ. ಮೂರನೇ ಸಲ ಟೀಚರ್ ನನ್ನ ಬೆರಳು ಹಿಡಿದು, "ಮಗಾ, ಅವಸರ ಬೇಡ" ಎಂದರು. ಮರುದಿನ ಎಸಳು ಉದುರಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ದಯವಿಟ್ಟು ಉಮಾಬಾಯಿ ಬಗ್ಗೆ ಇನ್ನೊಂದು ಲೇಖನ ಬರೆಯಿರಿ. 1934ರ ಬಿಹಾರ ಭೂಕಂಪದಲ್ಲಿ ಅವರು ದುಡಿದದ್ದೂ ಅದರಲ್ಲಿ ಬರಲಿ.