ಬೆಣ್ಣೆ ಕ್ರೋಸಾಂ ಮೇಲೆ ಮೆಣಸಿನಕಾಯಿ

ಫ್ರೆಂಚ್‌ನಲ್ಲಿ ರ‍್ಯಾಪ್ ಮಾಡುವ ಗಾಯೆಲ್ ಫಾಯ್ ಹಾಡು ಯಾರಿಗೆ ಕೇಳಿಸಿದರೂ ಮೊದಲು ಬರುವ ಮಾತು, 'ಓ, ಫ್ಯೂಷನ್ನಾ?' ಆ ಪದ ಕಂಡರೇ ನನಗಾಗಲ್ಲ. ಇದ್ದಬದ್ದದ್ದನ್ನೆಲ್ಲ ಮಿಕ್ಸಿಗೆ ಹಾಕಿ ತಿರುಗಿಸಿದ ಹಾಗಿರುತ್ತದೆ.

ಈತನ ಮೊದಲ ಸೋಲೋ ಆಲ್ಬಂ ಬಂದದ್ದು 2013ರಲ್ಲಿ. ಅದರ ಹೆಸರಿನ ಅರ್ಥ, ಬೆಣ್ಣೆ ಕ್ರೋಸಾಂ ಮೇಲೆ ಪಿಲಿ ಪಿಲಿ. ಕ್ರೋಸಾಂ, ಅಂದ್ರೆ ಪದರಪದರದ ಫ್ರೆಂಚ್ ಬೇಕರಿ ತಿನಿಸು, ಫ್ರಾನ್ಸಿನ ಅಪ್ಪ. ಪಿಲಿ ಪಿಲಿ, ಅಂದ್ರೆ ಮೆಣಸಿನಕಾಯಿ, ರುವಾಂಡಾದ ಅಮ್ಮ. (ಇದು ಸ್ವಾಹಿಲಿ ಪದ. ಬೇರು ಹುಡುಕುತ್ತಾ ಹೋದರೆ ಅರಬ್ಬಿ, ಪರ್ಷಿಯನ್ ದಾಟಿ ಸಂಸ್ಕೃತದ ಪಿಪ್ಪಲಿಗೆ ಬಂದು ಮುಟ್ಟುತ್ತೇವೆ. ನಮ್ಮಜ್ಜಿ ಕೆಮ್ಮಿಗೆ ಕುಟ್ಟಿ ಕೊಡುತ್ತಿದ್ದ ಹಿಪ್ಪಲಿ ಕಣ್ರೀ!) ಗಮನಿಸಿ, ಮೆಣಸಿನಕಾಯಿ ಕ್ರೋಸಾಂ ಒಳಗೆ ಬೆರೆತಿಲ್ಲ. ಮೇಲೇ ಇದೆ, ಕಚ್ಚಿದರೆ ಉರಿಯುತ್ತದೆ.

ಹುಟ್ಟಿದ್ದು 1982ರಲ್ಲಿ, ಆಫ್ರಿಕಾದ ಬುರುಂಡಿ ದೇಶದ ಬುಜುಂಬುರಾದಲ್ಲಿ, ಟಾಂಗನ್ಯೀಕಾ ಸರೋವರದ ದಂಡೆಯಲ್ಲಿ. ಅಮ್ಮ ಬುರುಂಡಿಗೆ ಬಂದದ್ದೇ ನಿರಾಶ್ರಿತೆಯಾಗಿ. 1993ರಲ್ಲಿ ಅಲ್ಲೂ ಅಂತರ್ಯುದ್ಧ ಶುರುವಾಯಿತು, ಮರುವರ್ಷ ಪಕ್ಕದ ರುವಾಂಡಾದಲ್ಲಿ ಟುಟ್ಸಿ ಜನಾಂಗದವರ ನರಮೇಧ. ಅಮ್ಮ ಓಡಿಬಂದು ಸೇರಿದ ದೇಶದಿಂದ 1995ರಲ್ಲಿ ಮಗನೂ ಓಡಬೇಕಾಯಿತು, ಫ್ರಾನ್ಸಿಗೆ. ಅಲ್ಲಿ ರ‍್ಯಾಪ್ ಕೈಹಿಡಿಯಿತು. ನಡುವೆ ಲಂಡನ್ನಿನಲ್ಲಿ ಎರಡು ವರ್ಷ ಹಣಕಾಸಿನ ಕೆಲಸ, ಅದನ್ನೂ ಬಿಟ್ಟ.

'ಪೆತಿ ಪೇಯಿ', ಅಂದ್ರೆ ಪುಟ್ಟ ದೇಶ, ಈ ಹಾಡು ಕೇಳಿ. ನಿದ್ದೆ ಬಾರದ ರಾತ್ರಿ, ಒಂದು ಹಾಳೆ, ಒಂದು ಪೆನ್ನು. ಬಿಟ್ಟು ಬಂದ ದೇಶವನ್ನೇ ಎದುರಿಗೆ ಕೂರಿಸಿಕೊಂಡ ಹಾಗೆ ಮಾತಾಡುತ್ತಾನೆ. ಎಲ್ಲ ಫ್ರೆಂಚ್‌ನಲ್ಲಿ, ಆದ್ರೆ ಪಲ್ಲವಿ ಬರುತ್ತಿದ್ದಂತೆ ಭಾಷೆ ಬದಲು, ಅದು ಆ ಊರಿನದು. ನನಗೆ ಎರಡೂ ಬರಲ್ಲ. ಮೊಬೈಲ್‌ನಲ್ಲಿ ಅನುವಾದ ಇಟ್ಟುಕೊಂಡು ಕೂತಿದ್ದವನು ಪಲ್ಲವಿ ಬಂದಾಗ ಮೊಬೈಲ್ ಮಗುಚಿಟ್ಟು ಸುಮ್ನೆ ಕೇಳಿದೆ. ಹೊಲಿಗೆ ಎಲ್ಲಿದೆ ಅಂತ ಎದ್ದು ಕಾಣುತ್ತದೆ, ಆತ ಅದನ್ನು ಮುಚ್ಚಲು ಹೋಗಿಲ್ಲ. ಅದೇ ಆಲ್ಬಂನಲ್ಲಿ ಅಂಗೋಲಾದ ಗಾಯಕ ಬೊಂಗಾ ಕೂಡ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ದೇಶ ಬಿಟ್ಟವರು ಅವರು. ಆ ಗೊಗ್ಗರು ದನಿಯನ್ನು ರ‍್ಯಾಪ್ ಪಕ್ಕ ಹಾಗೇ ಇಟ್ಟಿದ್ದಾನೆ, ನಯ ಮಾಡಿಲ್ಲ.

2016ರಲ್ಲಿ 'ಪೆತಿ ಪೇಯಿ' ಹೆಸರಿನದೇ ಆತನ ಕಾದಂಬರಿ ಬಂತು, ಪ್ರಶಸ್ತಿ ಬಂತು. ಈಗ ಜಾಸ್ತಿ ಜನ 'ಹಾಡೂ ಹೇಳುವ ಲೇಖಕ' ಅನ್ನುತ್ತಾರೆ. ಉಲ್ಟಾ ಅಲ್ವಾ? ಹಾಡೇ ಮೊದಲು. 2020ರ ಆಲ್ಬಂ ಚೆನ್ನಾಗಿ ಕುಣಿಸುತ್ತದೆ, ಅಮೆರಿಕದ ಗಾಯಕ ಹ್ಯಾರಿ ಬೆಲಫಾಂಟೆ ಕೂಡ ಇದ್ದಾರೆ, ಆದ್ರೆ ನನ್ನ ನಾಲಿಗೆಗೆ ಖಾರ ಸ್ವಲ್ಪ ಕಮ್ಮಿ.

ಫ್ರಾನ್ಸ್ ಬಿಟ್ಟು ಆತ ಹೋಗಿ ನೆಲೆಸಿದ್ದು ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ. ಅಮ್ಮನ ದೇಶ ಅದು, ತಾನು ಹುಟ್ಟಿದ ದೇಶವಲ್ಲ. ಕೇಳುವವರು 2013ರದ್ದರಿಂದ ಶುರು ಮಾಡಿ, ಇಯರ್‌ಫೋನ್ ಹಾಕಿಕೊಂಡು.