ಬಿದ್ದ ಮರವನ್ನು ಯಾರೂ ಎತ್ತದ ಕಾಡು

ಸ್ಟಾಕ್‌ಹೋಮ್ ನಗರದ ನಡುಭಾಗದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಟೀರೆಸ್ತಾ ರಾಷ್ಟ್ರೀಯ ಉದ್ಯಾನಕ್ಕೆ ಬಸ್ಸಿನಲ್ಲೇ ಹೋಗಿಬರಬಹುದು. ಅಲ್ಲಿ ಪ್ರವೇಶಶುಲ್ಕವಿಲ್ಲ, ಹೆಸರು ಬರೆಸುವ ಕ್ರಮವಿಲ್ಲ, ಮಾರ್ಗದರ್ಶಿ ಜೊತೆಗಿರಲೇಬೇಕೆಂಬ ಕಟ್ಟಳೆಯೂ ಇಲ್ಲ. 1993ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಕಾಡು, ದಕ್ಷಿಣ ಸ್ವೀಡನ್ನಿನಲ್ಲಿ ಕೊಡಲಿಯ ಕಾಟ ತಪ್ಪಿಸಿಕೊಂಡು ಉಳಿದ ದೊಡ್ಡ ಹಳೆಗಾಡುಗಳಲ್ಲಿ ಒಂದು. ಬಂಡೆಯ ಮೇಲಿನ ಅಂಗೈಯಷ್ಟು ಮಣ್ಣಿನಲ್ಲಿ ಬೇರೂರಿದ ಮುನ್ನೂರು, ನಾನೂರು ವರ್ಷದ ಪೈನ್ ಮರಗಳು ಇಲ್ಲಿವೆ. ಮಲೆನಾಡಿನ ಕಣ್ಣಿಗೆ ಅವು ವಯಸ್ಸಿಗೆ ತಕ್ಕ ದಪ್ಪವಿಲ್ಲದ ಮರಗಳು. ಚಳಿಯ ನಾಡಿನಲ್ಲಿ ಮರ ಎಷ್ಟು ನಿಧಾನವಾಗಿ ಬೆಳೆಯುತ್ತದೆಂಬುದು ನನಗೆ ತಿಳಿದದ್ದು ಅವುಗಳನ್ನು ನೋಡಿದ ಮೇಲೆಯೇ.

ಆದರೆ ಮೊದಲ ಸಲ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಂತ ಮರವಲ್ಲ, ಬಿದ್ದ ಮರ. ಗಾಳಿಗೆ ಉರುಳಿದ ಸ್ಪ್ರೂಸ್ ಮರವೊಂದು ಕಾಲುದಾರಿಗೆ ಅಡ್ಡವಾಗಿ ಬಿದ್ದಿತ್ತು. ಉದ್ಯಾನದವರು ದಾರಿಯ ಅಗಲಕ್ಕೆ ಬೇಕಾದಷ್ಟು ತುಂಡನ್ನು ಮಾತ್ರ ಗರಗಸದಿಂದ ಕೊಯ್ದು ಪಕ್ಕಕ್ಕೆ ಉರುಳಿಸಿ, ಉಳಿದ ಕಾಂಡವನ್ನು ಎರಡೂ ಬದಿಯಲ್ಲಿ ಇದ್ದ ಹಾಗೆಯೇ ಬಿಟ್ಟಿದ್ದರು. ಅದರ ಮೇಲೆ ಪಾಚಿ ಹಬ್ಬಿತ್ತು, ಪಾಚಿಯ ಮೇಲೆ ಗೇಣುದ್ದದ ಸ್ಪ್ರೂಸ್ ಸಸಿಗಳು ಎದ್ದಿದ್ದವು. ಸತ್ತ ಮರವನ್ನೇ ನಂಬಿ ಬದುಕುವ ಜೀರುಂಡೆ, ಅಣಬೆ, ಕಲ್ಲುಹೂವುಗಳು ಉತ್ತರದ ಈ ಕಾಡುಗಳಲ್ಲಿ ಅಸಂಖ್ಯ. ಸೌದೆಗೆಂದು ಅದನ್ನು ಎತ್ತಿಬಿಟ್ಟರೆ ಕಾಡು ಹಸಿರಾಗಿಯೇ ಕಂಡರೂ ಒಳಗೆ ಬಡವಾಗುತ್ತದೆ.

ಉತ್ತರ ಕನ್ನಡದ ಸಿದ್ದಾಪುರದ ಕಡೆಯಿಂದ ಬಂದಿದ್ದ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವರು ಆ ಕಾಂಡವನ್ನು ಕೋಲಿನಿಂದ ತಟ್ಟಿ, "ಇಷ್ಟು ಸೌದೆ ಸುಮ್ಮನೆ ಲಡ್ಡಾಗಲಿಕ್ಕೆ ಬಿಟ್ಟಿದ್ದಾರಲ್ಲ" ಎಂದು ನೊಂದುಕೊಂಡರು. ತೋಟಕ್ಕೆಂದು ಬಿಟ್ಟ ಸೊಪ್ಪಿನಬೆಟ್ಟದಿಂದ ಸೊಪ್ಪು, ದರಕು (ತರಗೆಲೆ), ಒಣಕಟ್ಟಿಗೆ ತಂದು ತೋಟ ಮತ್ತು ಒಲೆ ಎರಡನ್ನೂ ನಡೆಸಿದವರಿಗೆ ಹಾಗೆ ಅನಿಸುವುದು ಸಹಜವೇ. ಸ್ವಲ್ಪ ದೂರ ನಡೆದ ಮೇಲೆ ಅವರೇ, "ದೇವರ ಕಾನಿನಲ್ಲಿ ನಾವೂ ಕಡ್ಡಿ ಮುಟ್ಟುತ್ತಿರಲಿಲ್ಲ" ಎಂದರು. ನನಗೆ ಹೋಲಿಕೆ ಸರಿಯಾಗಿ ಸಿಕ್ಕಿದ್ದು ಆಗ. ಬಿದ್ದ ಮರವನ್ನು ಬಿದ್ದಲ್ಲಿಯೇ ಬಿಡುವ ಬುದ್ಧಿಯನ್ನು ನಾವು ಯುರೋಪಿನಿಂದ ಕಲಿಯಬೇಕಾಗಿರಲಿಲ್ಲ. ಕೊಡಗಿನಲ್ಲಿ ಹೀಗೆ ದೇವರ ಹೆಸರಿನಲ್ಲಿ ಕಾಯ್ದುಕೊಂಡ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ದಾಖಲೆಯಲ್ಲಿವೆ. ನಮ್ಮ ತಾಲೂಕಿನ ಕತ್ತಲೆಕಾನಿನಲ್ಲಿ, ರಾಂಪತ್ರೆ ಮರಗಳು ಬೆಳೆಯುವ ಜೌಗಿನ ಜಡ್ಡಿಗಳಲ್ಲಿ ಕಂಡ ಕರಿಗೇರಿನ ಕುಲದ ಮರವೊಂದು ತೀರ ಈಚೆಗೆ, 2000ದಲ್ಲಿ, ಹೊಸ ಪ್ರಭೇದವೆಂದು ಆ ಊರಿನ ಹೆಸರನ್ನೇ ಹೊತ್ತು ವಿಜ್ಞಾನದ ಪಟ್ಟಿ ಸೇರಿತು.

ಹಾಗಾದರೆ ವ್ಯತ್ಯಾಸವಿರುವುದು ನಡೆಯುವವನ ನಡತೆಯಲ್ಲಿ. ಸ್ವೀಡನ್ನಿನಲ್ಲಿ 'ಅಲ್ಲೆಮಾನ್ಸ್‌ರೆತ್ತೆನ್', ಅಂದರೆ ಎಲ್ಲರಿಗೂ ಇರುವ ನಿಸರ್ಗದ ಹಕ್ಕು, ಸಂವಿಧಾನದಲ್ಲೇ ಉಲ್ಲೇಖವಾಗಿದೆ. ಪರರ ಜಮೀನಿನಲ್ಲೂ ನಡೆಯಬಹುದು, ಕಾಡುಹಣ್ಣು ಕೊಯ್ಯಬಹುದು. ಸಂರಕ್ಷಿತ ಕಾಡಿನೊಳಗೆ ಬಂದಾಗ ಆ ಹಕ್ಕು ಕಿರಿದಾಗುತ್ತದೆ: ಬೆಂಕಿಯನ್ನೂ ಡೇರೆಯನ್ನೂ ಗೊತ್ತುಪಡಿಸಿದ ಜಾಗದಲ್ಲಿಯೇ ಹಾಕಬೇಕು, ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕು. ನೋಡುವವರಿಲ್ಲದಿದ್ದರೂ ಬಹುಪಾಲು ಜನ ಇದನ್ನು ಪಾಲಿಸುವುದು ನನಗೆ ಇನ್ನೂ ಸೋಜಿಗ. ಬೆಂಕಿಯ ವಿಷಯದಲ್ಲಿ ಈ ಎಚ್ಚರ ಏಕೆ ಬೇಕೆಂಬುದಕ್ಕೆ ಉದಾಹರಣೆ ಇಲ್ಲೇ ಇದೆ. 1999ರ ಆಗಸ್ಟ್‌ನ ಬರಗಾಲದ ಬೆಂಕಿಯಲ್ಲಿ ಇದೇ ಕಾಡಿನ ಸುಮಾರು 450 ಹೆಕ್ಟೇರ್ ಸುಟ್ಟುಹೋಯಿತು. ಒಣಗಿದ ಮಣ್ಣೇ ಉರಿದು ಹಲವೆಡೆ ಬರೀ ಬಂಡೆ ಉಳಿಯಿತು. ಸುಟ್ಟ ಮರಗಳನ್ನೂ ಅವರು ಸಾಗಿಸಲಿಲ್ಲ. ಈಗ ಆ ಕರಿಕಾಂಡಗಳ ನಡುವೆ ಬರ್ಚ್ ಮತ್ತು ಆಸ್ಪೆನ್ ಮರಗಳು ಎದ್ದಿವೆ. ನನಗೆ ಇಡೀ ಉದ್ಯಾನದಲ್ಲಿ ಅತ್ಯಂತ ಇಷ್ಟವಾದ ಭಾಗವೇ ಅದು.

ನಮ್ಮಲ್ಲಿ 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನಜಾತ್ರೆ ಸೇರಿ, ಆ ಬಳಿಕ ಚಾರಣಕ್ಕೆ ಆನ್‌ಲೈನ್ ಬುಕ್ಕಿಂಗ್ ಕಡ್ಡಾಯವಾದಾಗ, ಸ್ವೀಡನ್ನಿನಲ್ಲಿರುವ ಕನ್ನಡಿಗ ಗೆಳೆಯರು ಕೆಲವರು "ಕಾಡಿಗೆ ಹೋಗಲೂ ಟಿಕೆಟ್ಟೇ?" ಎಂದು ನಕ್ಕರು. ನಾನು ನಗಲಾರೆ. ಬೆಂಗಳೂರಿನಂಥ ನಗರ ಒಂದು ರಾತ್ರಿಯ ದಾರಿಯಲ್ಲಿರುವಾಗ, ಆನೆ ಓಡಾಡುವ ಕಡಿದಾದ ಶೋಲಾ ಕಾಡಿಗೆ ದಿನಕ್ಕಿಷ್ಟೇ ಜನ ಎಂಬ ಮಿತಿ ಬೇಕೇ ಬೇಕು. ಸ್ವೀಡನ್ನಿನ ತೆರೆದ ಬಾಗಿಲು ಅಲ್ಲಿನ ಜನಸಂಖ್ಯೆಯ ಕೊಡುಗೆಯೂ ಹೌದು. ಮೇಲಾಗಿ, ಟೀರೆಸ್ತಾದ ಗಡಿ ದಾಟಿ ಉತ್ತರಕ್ಕೆ ರೈಲಿನಲ್ಲಿ ಹೋದರೆ ಕಾಣುವುದು ಸಾಲಾಗಿ ನೆಟ್ಟು ಒಟ್ಟಿಗೇ ಕಡಿಯುವ ಮರದ ಬೆಳೆ. ನಮ್ಮ ಅಕೇಶಿಯಾ ನೆಡುತೋಪುಗಳ ಅಣ್ಣ ಎನ್ನಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಊರಿನ ಪಕ್ಷ. ಟೀರೆಸ್ತಾದಲ್ಲಿ ಬಿದ್ದ ಮರದ ಕಥೆಯನ್ನು ಫಲಕದಲ್ಲಿ ಓದಿಕೊಳ್ಳಬೇಕು. ನಮ್ಮ ಚಾರಣದ ಹಾದಿಗಳಲ್ಲಿ ಮುಂದೆ ನಡೆಯುವ ಮಾರ್ಗದರ್ಶಿ ಸಾಮಾನ್ಯವಾಗಿ ಆಸುಪಾಸಿನ ಹಳ್ಳಿಯವನು, ಯಾವ ಕಾನಿನಲ್ಲಿ ಕಡ್ಡಿ ಮುಟ್ಟಬಾರದು, ಯಾಕೆ ಮುಟ್ಟಬಾರದು ಎಂದು ಅಜ್ಜನಿಂದ ಕೇಳಿ ಬೆಳೆದವನು. ಅವನನ್ನು ನಾವು ಕೇಳುವ ಪ್ರಶ್ನೆ ಹೆಚ್ಚೆಂದರೆ, "ತುದಿಗೆ ಇನ್ನೆಷ್ಟು ದೂರ ಮಾರಾಯಾ?"