ಬೀದಿದೀಪವೂ ಸೇವಂತಿಗೆಯೂ

ಕಾರ್ತಿಕ ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಸೇವಂತಿಗೆ ಎಲೆ ಕಾಣದಷ್ಟು ಅರಳಿರುತ್ತದೆ. ಅದೇ ಗಿಡದ ಕಂದನ್ನು ಕೇಳಿ ತಂದು ನೆಟ್ಟವರ ಮನೆಯಲ್ಲಿ ಮಾತ್ರ ಸೊಂಪಾದ ಎಲೆಯೇ ಎಲೆ, ಮೊಗ್ಗಿನ ಸುಳಿವಿಲ್ಲ. ಗೊಬ್ಬರ ಸಾಲದೇನೋ ಎಂದು ಹಿಂಡಿ ಹಾಕುತ್ತಾರೆ, ಎಲೆ ಇನ್ನಷ್ಟು ಸೊಂಪಾಗುತ್ತದೆ. ನೀರು ಹೆಚ್ಚಿಸುತ್ತಾರೆ, ಕಡಿಮೆ ಮಾಡುತ್ತಾರೆ, ಕೊನೆಗೆ ಕಂದು ಕೊಟ್ಟವರ ಮನಸ್ಸೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಕಾಂಪೌಂಡಿನ ಮೇಲೆ ಬಾಗಿ ನಿಂತ ಬೀದಿದೀಪದ ಕಡೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಚಳಿಗಾಲದ ಹೂವಿಗೆ ಚಳಿ ಬೇಕು ಎಂಬುದು ನಮ್ಮ ನಂಬಿಕೆ. ಬೆಂಗಳೂರು, ಮೈಸೂರಿನ ಚಳಿ ಎಷ್ಟರದು? ಸ್ವೆಟರಿಗೆ ವರ್ಷಕ್ಕೊಮ್ಮೆ ಬಿಸಿಲು ಕಾಣಿಸಲು ನೆಪವಾಗುವಷ್ಟು. ನಮ್ಮ ಹಲವು ಚಳಿಗಾಲದ ಗಿಡಗಳಿಗೆ ನಿಜವಾಗಿ ಬೇಕಾದದ್ದು ಉದ್ದನೆಯ ರಾತ್ರಿ. ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಹದಿಮೂರು ಗಂಟೆಗೆ ಹತ್ತಿರ. ಡಿಸೆಂಬರ್ ಕೊನೆಯದು ಹನ್ನೊಂದೂವರೆಗೂ ಕಡಿಮೆ. ಈ ಒಂದೂವರೆ ಗಂಟೆಯ ವ್ಯತ್ಯಾಸ ನಮಗೆ ಗೊತ್ತೂ ಆಗುವುದಿಲ್ಲ, ಸೇವಂತಿಗೆಗೆ ಗೊತ್ತಾಗುತ್ತದೆ. ಅದು ಎಣಿಸುವುದು ಮುರಿಯದ ಕತ್ತಲೆಯನ್ನು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಒಂದು ದೀರ್ಘ ರಾತ್ರಿ ಅದರ ಲೆಕ್ಕದಲ್ಲಿ ಎರಡು ಗಿಡ್ಡ ರಾತ್ರಿಗಳಾಗಿಬಿಡುತ್ತದೆ. ಇದು ರೈತರಿಗೆ ಚೆನ್ನಾಗಿ ಗೊತ್ತು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲದ ತುಂಬ ಬಲ್ಬು ಉರಿಯುತ್ತಿದ್ದರೆ ಅದು ಜಾತ್ರೆಯಲ್ಲ, ಸೇವಂತಿಗೆ ಮೊಗ್ಗು ಕಚ್ಚುವುದನ್ನು ಬೇಕೆಂದೇ ಮುಂದೂಡುವ ಉಪಾಯ. ಅವರು ಕರೆಂಟು ಬಿಲ್ಲು ಕಟ್ಟಿ ಮಾಡುವ ಕೆಲಸ ನಮ್ಮ ಅಂಗಳದಲ್ಲಿ ಪುಕ್ಕಟೆ ನಡೆಯುತ್ತಿರುತ್ತದೆ.

ಜಾಗ ಪರೀಕ್ಷೆ ಮಾಡುವುದು ಸುಲಭ. ರಾತ್ರಿ ಒಂಬತ್ತರ ಮೇಲೆ ಕುಂಡದ ಪಕ್ಕ ನಿಂತು ಪಂಚಾಂಗ ಹಿಡಿದರೆ ಅಕ್ಷರ ಓದಲು ಬರುತ್ತದೆಯೇ? ಬಂದರೆ ಆ ಜಾಗ ಸೇವಂತಿಗೆಗೆ ಆಗದು. ಆಗಸ್ಟ್ ಮಧ್ಯದೊಳಗೆ ಕುಂಡವನ್ನು ರಾತ್ರಿ ಬೆಳಕು ಬೀಳದ ಮೂಲೆಗೆ ಸರಿಸಿ, ಮೊಗ್ಗು ಬಣ್ಣ ತೋರಿಸಿದ ಮೇಲೆ ಎಲ್ಲಿ ಬೇಕಾದರೂ ತಂದಿಡಬಹುದು.

ಉಳಿದ ಕೆಲಸವೆಲ್ಲ ಮಳೆಗಾಲದ್ದು. ಜೂನ್, ಜುಲೈನಲ್ಲಿ ಕಂದನ್ನೋ ನಾಲ್ಕಂಗುಲದ ತುದಿ ಕಡ್ಡಿಯನ್ನೋ ಹತ್ತಂಗುಲದ ಕುಂಡದಲ್ಲಿ ನೆಡಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ ಸಾಕು. ನಾಲ್ಕು ವಾರಕ್ಕೆ ಕುಡಿ ಚಿವುಟಬೇಕು. ಹೊಸ ಕವಲು ಗೇಣುದ್ದ ಆದಾಗ ಇನ್ನೊಮ್ಮೆ. ಆಗಸ್ಟ್ ಕಳೆದ ಮೇಲೆ ಚಿವುಟಿದರೆ ಹೋಗುವುದು ಮೊಗ್ಗೇ. ಅಕ್ಟೋಬರಿನಲ್ಲಿ ಕವಲಿನ ತುದಿಯಲ್ಲಿ ನಡುವೆ ಒಂದು ದಪ್ಪ ಮೊಗ್ಗು, ಸುತ್ತ ಸಣ್ಣವು ಕಾಣುತ್ತವೆ. ದೊಡ್ಡ ಹೂವಿನ ಜಾತಿಯಾದರೆ ಸುತ್ತಲಿನವನ್ನು ಬಟಾಣಿ ಗಾತ್ರವಾಗುವುದರೊಳಗೆ ತೆಗೆದು ನಡುವಿನದನ್ನು ಉಳಿಸಬೇಕು. ಮಾಲೆ ಕಟ್ಟುವ ಸಣ್ಣ ಹೂವಾದರೆ ಇದಕ್ಕೆ ತದ್ವಿರುದ್ಧ: ನಡುವಿನದನ್ನು ಕಿತ್ತರೆ ಉಳಿದವೆಲ್ಲ ಒಟ್ಟಿಗೆ ಅರಳುತ್ತವೆ. ಮೊಗ್ಗು ಕೀಳುವಾಗ ಕೈ ನಡುಗುವವರು ಕಣ್ಣು ಬೇರೆ ಕಡೆ ತಿರುಗಿಸುವುದು ಬೇಡ, ತಪ್ಪು ಮೊಗ್ಗು ಹೋದೀತು.

ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಗೆ ಬರುವ ಕೆಂಪು ಪಾಯಿನ್ಸೆಟಿಯಾ ಕೂಡ ಇದೇ ಕತ್ತಲೆ ಜಾತಿ. ಹುಟ್ಟೂರು ಮೆಕ್ಸಿಕೊ. ಕೆಂಪಾಗುವುದು ಅದರ ಹೂವಲ್ಲ, ತುದಿಯ ಎಲೆ. ನಿಜವಾದ ಹೂವು ಆ ಕೆಂಪಿನ ನಡುವೆ ಹಳದಿ ಗುಂಡಿಗಳಂತೆ ಯಾರ ಗಮನಕ್ಕೂ ಬಾರದೆ ಕೂತಿರುತ್ತದೆ. ಅಂಗಡಿಯಲ್ಲಿ ಮೊಣಕಾಲಿಗೂ ಬಾರದ ಗಿಡ ಮರುವರ್ಷ ಆಳೆತ್ತರ ಆದರೆ ಬೆಚ್ಚಬೇಕಿಲ್ಲ. ಮಾರುವವರು ಬೆಳವಣಿಗೆ ತಡೆಯುವ ಔಷಧ ಹಾಕಿ ಕುಳ್ಳಗಿಟ್ಟಿರುತ್ತಾರೆ, ಅದರ ಜಾಯಮಾನವೇ ಎತ್ತರ. ಮಾರ್ಚಿನಲ್ಲಿ ಗೇಣುದ್ದ ಬಿಟ್ಟು ಕತ್ತರಿಸಿ, ಸೆಪ್ಟೆಂಬರ್ ಮೊದಲ ವಾರ ಕೊನೆಯ ಬಾರಿ ಕುಡಿ ಚಿವುಟಬೇಕು. ಕುಂಡ ಸರಿಸಲು ಬೇರೆ ಜಾಗವಿಲ್ಲದಿದ್ದರೆ ಸೆಪ್ಟೆಂಬರ್ ಕೊನೆಯಿಂದ ಸಂಜೆ ಆರಕ್ಕೆ ರಟ್ಟಿನ ಪೆಟ್ಟಿಗೆ ಮುಚ್ಚಿ ಬೆಳಿಗ್ಗೆ ಎಂಟಕ್ಕೆ ತೆಗೆಯಬೇಕು, ಆರರಿಂದ ಎಂಟು ವಾರ, ಒಂದು ದಿನವೂ ತಪ್ಪದೆ. ಊರಿಗೆ ಹೋಗುವವರು ಈ ಗಿಡ ಸಾಕುವ ಮುನ್ನ ಯೋಚಿಸುವುದು ಒಳ್ಳೆಯದು. ಕತ್ತರಿಸಿದಾಗ ಬರುವ ಬಿಳಿ ಹಾಲು ಚರ್ಮಕ್ಕೆ ತಾಗಿದರೆ ತುರಿಸೀತು.

ಇದೆಲ್ಲ ರಾತ್ರಿಯ ಮಾತಾಯಿತು. ಹಗಲಿನಲ್ಲಿ ಕೈಕೊಡುವುದು ನೆರಳು. ಮೇ, ಜೂನ್‌ನಲ್ಲಿ ನಡುನೆತ್ತಿಯಿಂದ ತುಸು ಉತ್ತರಕ್ಕೇ ಇದ್ದ ಸೂರ್ಯ ಡಿಸೆಂಬರಿನ ಮಧ್ಯಾಹ್ನ ದಕ್ಷಿಣಕ್ಕೆ ಎಷ್ಟು ವಾಲುತ್ತಾನೆಂದರೆ, ಬೆಂಗಳೂರಿನಲ್ಲಿ ಹತ್ತಡಿ ಗೋಡೆ ಉತ್ತರಕ್ಕೆ ಏಳಡಿಗೂ ಮಿಕ್ಕಿ ನೆರಳು ಚೆಲ್ಲುತ್ತದೆ. 30×40 ಸೈಟಿನಲ್ಲಿ ಉತ್ತರದ ಕಡೆ ಬಿಟ್ಟಿರುವ ಜಾಗವೇ ಮೂರಡಿ. ಬೇಸಿಗೆಯಲ್ಲಿ ಅಲ್ಲಿ ಚೆನ್ನಾಗಿದ್ದ ದಾಸವಾಳ ಮೊಗ್ಗು ಉದುರಿಸುವುದು ಇದಕ್ಕೇ. ಹೂವಿನ ಕುಂಡಗಳು ದಕ್ಷಿಣಕ್ಕೋ ತಾರಸಿಗೋ ಹೋಗಬೇಕು. ಉತ್ತರದ ಓಣಿಯನ್ನು ಮನಿಪ್ಲಾಂಟಿಗೂ ಜರೀಗಿಡಕ್ಕೂ ಬಿಟ್ಟುಕೊಟ್ಟು ಸುಮ್ಮನಾಗಬೇಕು.

ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಸಾಲ್ವಿಯಾಗಳನ್ನು ಜನವರಿಯಲ್ಲಿ ಲಾಲ್‌ಬಾಗಿನ ಗಣರಾಜ್ಯೋತ್ಸವದ ಪ್ರದರ್ಶನ ನೋಡಿ ಬಂದ ಉತ್ಸಾಹದಲ್ಲಿ ಬಿತ್ತುವವರು ಬಹಳ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಬಿತ್ತಬೇಕಾದದ್ದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಪೆಟೂನಿಯಾ ಬೀಜ ರಾಗಿಗಿಂತಲೂ ಸಣ್ಣದು, ಒಣ ಮರಳಿನಲ್ಲಿ ಬೆರೆಸಿ ಉದುರಿಸಬೇಕು, ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಅದಕ್ಕೆ ಬೆಳಕು ಬೇಕು. ಮೇಲಿನಿಂದ ನೀರು ಹುಯ್ದರೆ ಬೀಜವೆಲ್ಲ ಒಂದು ಮೂಲೆಗೆ ಸೇರುತ್ತದೆ. ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಲು ಬಿಡಿ. ಸಸಿ ನಿಂತ ನಿಲುವಿನಲ್ಲೇ ಬುಡದಲ್ಲಿ ಕರಗಿ ಮಲಗಿದರೆ ಅದು ತೇವ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಬರುವ ಕೊಳೆರೋಗ.

ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರಿಗೆ ಹುಚ್ಚೆಳ್ಳು ಇದೆ. ನರ್ಸರಿಯವರು ಮಾರುವುದಿಲ್ಲ, ದಿನಸಿ ಅಂಗಡಿಯಲ್ಲಿ ಚಟ್ನಿಪುಡಿಗೆಂದು ಸಿಗುವ ಹುರಿಯದ ಕಾಳೇ ಸಾಕು. ಆಗಸ್ಟಿನಲ್ಲಿ ಒಂದು ಚಿಟಿಕೆ ಚೆಲ್ಲಿ ಗೇಣಿಗೊಂದರಂತೆ ಉಳಿಸಿದರೆ ಚಳಿ ಶುರುವಾಗುವಾಗ ಎದೆಮಟ್ಟದ ಹಳದಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಬಾಗಿಲ ಮುಂದಿನ ಸಗಣಿ ಬೆನಕನಿಗೆ ಸಿಕ್ಕಿಸುವ ಹೂವಿದು, ಅದಕ್ಕೆ ಸಿಟಿಯ ಕುಂಡದಲ್ಲಿ ಮರ್ಯಾದೆ ಇಲ್ಲದಿರುವುದು ಅನ್ಯಾಯ. ಜೇನುಹುಳು ಯಾವ ಡಯಾಂಥಸ್ಸಿಗೂ ಕೊಡದಷ್ಟು ಗಮನ ಇದಕ್ಕೆ ಕೊಡುತ್ತವೆ. ಚಪ್ಪರದವರೆಯ ನೇರಳೆ ಹೂಗೊಂಚಲು, ಅದೇ ಬಣ್ಣದ ಕಾಯಿ ಬಿಡುವ ಬಳ್ಳಿ ಸಿಕ್ಕರೆ ನೋಡಲೂ ಆಯಿತು, ಪಲ್ಯಕ್ಕೂ ಆಯಿತು. ಗೋರಂಟೆ ಬಿಳಿ, ನೇರಳೆ, ಗೆರೆಗೆರೆ ಯಾವುದಾದರೂ ಸರಿ, ಮಳೆಗಾಲದಲ್ಲಿ ಕಡ್ಡಿ ಚುಚ್ಚಿದರೆ ಬರುತ್ತದೆ. ಅದರ ಬಗ್ಗೆ ಹೇಳಲು ಇನ್ನೇನೂ ಇಲ್ಲ, ಅಷ್ಟು ಸಾಧು ಗಿಡ.

ಚಳಿಗಾಲದ ರೋಗಗಳು ಇಬ್ಬನಿಯಿಂದ ಕೆಲವು, ಒಣಗಾಳಿಯಿಂದ ಕೆಲವು. ಗುಲಾಬಿ, ಡೇಲಿಯಾ ಎಲೆಯ ಮೇಲೆ ವಿಭೂತಿ ಬಳಿದಂತೆ ಕಂಡರೆ ಬೂದಿರೋಗ. ಕುಂಡಗಳ ನಡುವೆ ಅಂತರ ಕೊಟ್ಟು, ಬೆಳಗಿನ ಬಿಸಿಲು ಬೀಳುವಂತೆ ಮಾಡಿ, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಂನಂತೆ ಸಿಂಪಡಿಸಬೇಕು. ಚೆಂಡುಹೂವಿನ ಎಲೆ ಧೂಳು ಹಿಡಿದಂತೆ ಮಂಕಾಗಿ, ತಿರುಗಿಸಿದರೆ ಸಣ್ಣ ಬಲೆ ಕಂಡರೆ ಅದು ಕೆಂಪು ನುಸಿ. ಎಲೆಯ ಅಡಿಗೆ ಜೋರಾಗಿ ನೀರು ಹೊಡೆದರೆ ಅರ್ಧ ಹೋಗುತ್ತದೆ. ಸೇವಂತಿಗೆ ಮೊಗ್ಗಿನ ಕೆಳಗೆ ಕಪ್ಪು ಹೇನು ಸಾಲುಗಟ್ಟಿದರೆ ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಒಂದೆರಡು ಹನಿ ಸೋಪು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ನೀರು ಮಾತ್ರ ಬೆಳಿಗ್ಗೆಯೇ, ಬುಡಕ್ಕೇ. ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣು ಒಣಗಿದ್ದರೆ ಮಾತ್ರ.

ಇನ್ನು ದೇವಕಣಗಿಲೆ. ಇಡೀ ತೋಟ ಬಣ್ಣ ಕಟ್ಟುವಾಗ ಇದು ಎಲೆ ಉದುರಿಸಿ ಬೂದುಬಣ್ಣದ ಕವಲುಗಳನ್ನಷ್ಟೇ ಹಿಡಿದು ನಿಲ್ಲುತ್ತದೆ. ಸುಣ್ಣದ ಗೋಡೆಯ ಮುಂದಿಟ್ಟರೆ ಬೆಳಗಿನ ಓರೆ ಬಿಸಿಲಿಗೆ ಅದರ ನೆರಳೇ ಒಂದು ಚಿತ್ರ. ಸತ್ತಿತೆಂದು ಕನಿಕರಪಟ್ಟು ದಿನಾ ನೀರು ಎರೆಯುವವರಿಂದಲೇ ಅದು ಸಾಯುವುದು. ಎಲೆಯಿಲ್ಲದ ಗಿಡ ನೀರು ಕುಡಿಯುವುದಿಲ್ಲ. ಬೇರು ಕೊಳೆತು ಕಾಂಡ ಬುಡದಿಂದ ಮೆತ್ತಗಾಗುತ್ತದೆ. ಯುಗಾದಿಯ ಆಸುಪಾಸಿನಲ್ಲಿ ತುದಿಗಳಲ್ಲಿ ಹಸಿರು ಕಂಡ ಮೇಲೆ ನೀರು ಶುರುಮಾಡಿದರೆ ಸಾಕು. ಅಷ್ಟರೊಳಗೆ ಬುಡ ಮೆತ್ತಗಾಗಿದ್ದರೆ ಗಟ್ಟಿಯಿರುವ ಕಡೆಗೆ ಕತ್ತರಿಸಿ, ಕತ್ತರಿಸಿದ ಬಾಯಿ ಒಣಗುವ ತನಕ ವಾರವೊಂದು ನೆರಳಲ್ಲಿಟ್ಟು, ಬರೀ ಮರಳಲ್ಲಿ ಊರಬೇಕು.